ಹಿಂದಕ್ಕೆ ಓಡುವವಳ ಪರ

ಅವರ ಬಲಗೈ ಕಿರುಬೆರಳು ಹೊರಗಡೆಗೆ ಸೊಟ್ಟಗಿತ್ತು. ಮೈಸೂರಿನಲ್ಲಿ ಕಾಲೇಜು ತಂಡಕ್ಕೆ ಬಾಸ್ಕೆಟ್‌ಬಾಲ್ ಆಡುವಾಗ ಮುರಿದದ್ದು. ಮನೆಯಲ್ಲಿ ಬೈಯುತ್ತಾರೆಂದು ಮುಚ್ಚಿಟ್ಟಿದ್ದಕ್ಕೆ ಹಾಗೇ ಕೂಡಿಕೊಂಡಿತಂತೆ. ವಾದಕ್ಕೆ ನಿಂತರೆ ಆ ಬೆರಳು ನನ್ನ ಮೂಗಿನ ತುದಿಗೇ ಬರುತ್ತಿತ್ತು.

ಪರದೇಶದ ಈ ಕ್ಯಾನ್ಯನ್ ಪಾರ್ಕ್‌ನಲ್ಲಿ ಅವರು ನಮ್ಮ ಪಕ್ಕದ ಮನೆಯ ಆಂಟಿ. ಮಗನ ಜೊತೆಗಿದ್ದರು. ಇಲ್ಲಿಯ ಕಾಲೇಜು ಹುಡುಗಿಯರ ಬಾಸ್ಕೆಟ್‌ಬಾಲ್ ಎಂದರೆ ಅವರಿಗೆ ಪ್ರಾಣ. ಪ್ರತಿ ಮಾರ್ಚ್‌ನಲ್ಲೂ ವರ್ಷದ ಆಟಗಾರ್ತಿ ಪ್ರಶಸ್ತಿ ಯಾರಿಗೆ ಸಿಗಬೇಕು ಎಂದು ನಮ್ಮಿಬ್ಬರಿಗೂ ಜಟಾಪಟಿ. ನನ್ನ ಮತ ಹೆಚ್ಚು ಪಾಯಿಂಟ್ ಹೊಡೆಯುವವಳಿಗೆ. ಅವರದು ಪಾಸ್ ಕೊಟ್ಟು ಉಳಿದವರನ್ನು ಆಡಿಸುವ ಯಾವಳೋ ಗಿಡ್ಡಿಗೆ. ನನ್ನದು ಎಳಸು ಬುದ್ಧಿ ಎನ್ನುತ್ತಿದ್ದರು.

"ಬಾಸ್ಕೆಟ್ ಹಾಕೋದನ್ನ ಎಲ್ರೂ ನೋಡ್ತಾರೆ ಕಣೇ. ಬಾಲ್ ಕಳ್ಕೊಂಡ್ಮೇಲೆ ಹಿಂದಕ್ಕೆ ಯಾರು ಓಡ್ತಾರೆ, ಅದನ್ನ ನೋಡು."

ಈಚಿನ ವರ್ಷಗಳಲ್ಲಿ ರಂಜಾನ್ ಕೂಡ ಅದೇ ಹೊತ್ತಿಗೆ ಬರುತ್ತಿತ್ತು. ದಿನವಿಡೀ ಹನಿ ನೀರು ಕುಡಿಯದ ಅವರ ಗಂಟಲು, ಹೊಟ್ಟೆ ತುಂಬ ಉಂಡ ನನ್ನ ಗಂಟಲಿಗಿಂತ ಜೋರು. ಫೋನಿನಲ್ಲಿ ಆಜಾನ್ ಕೂಗಿದರೆ ಮಾತನ್ನು ಅರ್ಧಕ್ಕೇ ನಿಲ್ಲಿಸಿ, ಖರ್ಜೂರ ತಿಂದು, ನೀರು ಕುಡಿದು, ನಮಾಜ್ ಮುಗಿಸಿ ಬಂದು, ನಿಲ್ಲಿಸಿದ ಮಾತಿನಿಂದಲೇ ಮತ್ತೆ ಶುರು. ಒಂದು ಸಲವೂ ನನ್ನ ಮಾತು ಒಪ್ಪಿದವರಲ್ಲ. ಮೊಂಡು ಹೆಂಗಸು.

ಈ ವರ್ಷ ಅವರಿಗೆ ಹೊಟ್ಟೆಯ ಕ್ಯಾನ್ಸರ್. ಚಿಕಿತ್ಸೆ ಮುಂದುವರಿಸಬೇಕಾದರೆ ಊಟ ಸೇರಬೇಕು, ಮೈಯಲ್ಲಿ ಸ್ವಲ್ಪ ಬಲ ಬರಬೇಕು ಎಂದರು ಡಾಕ್ಟರು. ಆಂಟಿ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟರು. ಆಸ್ಪತ್ರೆಯಿಂದ ಮಗ ಫೋನ್ ಮಾಡಿದ.

"ಅಕ್ಕಾ, ಅಮ್ಮಿ ಏನೂ ತಿಂತಿಲ್ಲ, ಮಾತೂ ಇಲ್ಲ. ನೀವ್ ಬಂದು ಸ್ವಲ್ಪ ಜಗಳ ಆಡಿ, ಪ್ಲೀಸ್. ಸಿಟ್ಟು ಬಂದ್ರೆ ಎದ್ದು ಕೂತ್ಕೋಬಹುದು."

ಹೋದೆ. ನಾಚಿಕೆ ಬಿಟ್ಟು ಆಡಿದೆ. "ಆಂಟಿ, ನಿಮ್ಮ ಗಿಡ್ಡಿ ಹುಡುಗೀಗೆ ಆಟಾನೇ ಬರಲ್ಲ. ನಿನ್ನೆ ಮ್ಯಾಚ್ ಹೋಗಿದ್ದೇ ಅವಳಿಂದ. ಬೆಂಚ್ ಮೇಲೆ ಕೂರಿಸ್ಬೇಕು ಅವಳನ್ನ!"

ಹಸಿ ಸುಳ್ಳು. ಅವರು ಕಣ್ಣು ತೆರೆದರು. ಬೈಯಲಿ, ದೇವರೇ, ಒಂದು ಸಲ ಬೈಯಲಿ ಎಂದು ಕಾದೆ.

"ಆಯ್ತು ಬಿಡಮ್ಮ. ನಿನ್ನ ಹುಡುಗೀಗೇ ಕೊಡ್ಲಿ," ಎಂದರು.

"ಹಂಗನ್ಬೇಡಿ ಆಂಟಿ," ಎಂದು ಅವರ ಕೈ ಹಿಡಿದುಕೊಂಡೆ. ಅಷ್ಟು ವರ್ಷ ಗೇಲಿ ಮಾಡಿದ್ದ ಅವರ ವಾದವನ್ನೆಲ್ಲ ಅವರಿಗೇ ಒಪ್ಪಿಸಿದೆ. ಹಿಂದಕ್ಕೆ ಓಡುವವಳು ಅವಳೊಬ್ಬಳೇ, ಅವಳಿಲ್ಲದಿದ್ದರೆ ಆ ತಂಡವೇ ಇಲ್ಲ ಎಂದು ಅಳುತ್ತಲೇ ಹೇಳಿದೆ. ಚಮಚದಲ್ಲಿ ಗಂಜಿ ಹಿಡಿದೆ. ಅವರು ತುಟಿ ತೆರೆಯಲಿಲ್ಲ.

ಪ್ರಶಸ್ತಿ ಪ್ರಕಟವಾಗುವ ಮೊದಲೇ ಆಂಟಿ ಹೋದರು. ಅದು ನನ್ನ ಹುಡುಗಿಗೇ ಸಿಕ್ಕಿತು. ಆಫೀಸಿನಲ್ಲಿ ಒಬ್ಬರು ನಿಮ್ಮವಳೇ ಗೆದ್ದಳಲ್ಲ ಎಂದು ಕೈಕುಲುಕಲು ಬಂದರು. ಅನ್ಯಾಯ, ಆ ಗಿಡ್ಡಿಗೇ ಸಿಗಬೇಕಿತ್ತು ಎಂದೆ. ಊಟದ ಹೊತ್ತೆಲ್ಲ ಅವರ ಮೇಲೆ ಜಗಳಕ್ಕೆ ಬಿದ್ದೆ. ಇವತ್ತಿಗೂ ಸಿಕ್ಕವರೊಂದಿಗೆಲ್ಲ ಅದೇ ಜಗಳ ಆಡುತ್ತಿದ್ದೇನೆ. ಒಪ್ಪಿಕೊಳ್ಳಲು ನನ್ನಿಂದ ಆಗುತ್ತಿಲ್ಲ.