ಬೆನ್ನು ತಿರುಗಿಸಿ ನಿಂತ ದೋಣಿಯಣ್ಣ

ಕಳೆದ ತಿಂಗಳು ಮಗಳಿಗೆ ಅಜೀರ್ಣವಾಗಿ ಮನೆಯಲ್ಲಿ ಓಮ ಕುದಿಸಿದರು. ಆ ಘಾಟು ಮೂಗಿಗೆ ಬಡಿದದ್ದೇ ತಡ, ಕುಂದಾಪುರದ ಹೊಳೆ, ಒಂದು ಪುಟ್ಟ ದೋಣಿ, ಅದನ್ನು ನಡೆಸುತ್ತಿದ್ದ ಮನುಷ್ಯ ನೆನಪಾದರು. ಮುಖ ಬಿಸಿಯಾಯಿತು.

ಎಂಟೊಂಬತ್ತು ವರ್ಷದ ಹಿಂದಿನ ಬೇಸಿಗೆ ಇರಬೇಕು... ರಜೆಗೆಂದು ಅಲ್ಲಿಯ ಒಂದು ಕುದ್ರುವಿನಲ್ಲಿ, ಅಂದರೆ ಹೊಳೆ ನಡುವಿನ ದ್ವೀಪದಲ್ಲಿ, ನಾಲ್ಕು ದಿನ ಉಳಿದಿದ್ದೆ. ಹಗಲೆಲ್ಲ ಕೊರಳಿಗೆ ಕ್ಯಾಮೆರಾ ಹಾಕಿಕೊಂಡು ದೋಣಿಯಣ್ಣನ ಜೊತೆ ಸುತ್ತಾಟ. ಮಿಂಚುಳ್ಳಿ, ನೀರುಕಾಗೆ, ಕಡಲ ಹದ್ದು ಕಂಡಲ್ಲೆಲ್ಲ ಹುಟ್ಟು ನಿಲ್ಲಿಸಿ ಕಣ್ಣಲ್ಲೇ ತೋರಿಸುತ್ತಿದ್ದರು. ಹೊಳೆ ಕಡಲು ಸೇರುವ ಅಳಿವೆಯ ಹತ್ತಿರದ ಒಂದು ಮರಳದಿಬ್ಬಕ್ಕೆ ಮಾತ್ರ ಒಯ್ಯಲಿಲ್ಲ. ಅಲ್ಲಿ ರೀವ ಎಂಬ ನೀರುಹಕ್ಕಿಗಳು ಬರಿ ಮರಳಿನ ಮೇಲೆ ಮೊಟ್ಟೆ ಇಟ್ಟಿದ್ದವು.

“ಹ್ವಾಯ್, ಅಲ್ಲಿಗ್ ಈಗ ಇಳೂಕಾಗ. ತಾಯಿ ಎದ್ರೆ ಮೊಟ್ಟಿ ಬಿಸಿಲಿಗೆ ಬೆಂದ್ ಹೋತ್ತ್,” ಎಂದಿದ್ದರು.

ನನಗೆ ಬೇಕಾಗಿದ್ದದ್ದು ಆ ಮೊಟ್ಟೆಗಳದೇ ಚಿತ್ರ. ಕೊನೆಯ ದಿನ ಆ ದಿಬ್ಬ ಹತ್ತಿರವಾಗುವುದನ್ನೇ ಕಾದು, ಹೊಟ್ಟೆ ಹಿಡಿದುಕೊಂಡು ಬಗ್ಗಿದೆ. ತಡೆಯಲಾಗುತ್ತಿಲ್ಲ, ಇಳಿಸಿ ಎಂದೆ.

“ಪೇಟೆ ಹೊಟ್ಟಿಗೆ ನಮ್ಮ್ ಮೀನ್ ಸಾರ್ ತಡುದಿಲ್ಲ ಕಾಣಿ,” ಎಂದು ನಗುತ್ತಲೇ ದೋಣಿ ತಿರುಗಿಸಿದರು. “ಈ ಬದಿಗೇ ಕೂಕಣಿ, ಆಚಿಗ್ ಹೋಗ್ಬೇಡಿ. ನಾ ಆಚಿ ಮುಖ ಮಾಡಿ ನಿಂತ್ಕಂತೆ.”

ನಾನು ಆಚೆಗೇ ಹೋದೆ. ಮರಳಿನ ಬಣ್ಣದ ಮೂರು ಮೊಟ್ಟೆ. ಹಕ್ಕಿಗಳು ತಲೆಯ ಮೇಲೆ ಕಿರುಚುತ್ತ ಸುತ್ತಿದವು. ಹತ್ತು ನಿಮಿಷವಾದರೂ ಮಂಡಿಯೂರಿ ಚಿತ್ರ ತೆಗೆಯುತ್ತ ಕೂತಿದ್ದೆ. ಹಿಂದಿರುಗುವಾಗ ಕಾಗೆಯೊಂದು ಇಳಿದು ಒಂದು ಮೊಟ್ಟೆ ಕಚ್ಚಿಕೊಂಡು ಹೋಯಿತು.

“ಹಕ್ಕಿ ಕೂಗುದ್ ಕೇಂಡ್ ನೀವ್ ಬಿದ್ರೋ ಅಂತ ಹೆದ್ರಿಕಿ ಆಯ್ತ್ ಮರಾಯ್ರೆ. ತಿರ್ಗಿ ಕಾಂಬುದ್ ಹ್ಯಾಂಗೆ?” ಎಂದರು ದೋಣಿಯಣ್ಣ. ಸೀದಾ ತಮ್ಮ ಮನೆಗೆ ಕರೆದೊಯ್ದರು. ಅವರ ಹೆಂಡತಿ ಓಮದ ಕಷಾಯ ಮಾಡಿಕೊಟ್ಟರು. ಒಂದು ಲೋಟವೋ, ಎರಡೋ... ಕುಡಿದೆ.

ಆ ಗೂಡನ್ನು ದೋಣಿಯಣ್ಣನೇ ತೋರಿಸಿದರು ಎಂದು ಇಷ್ಟು ವರ್ಷ ಗೆಳೆಯರಿಗೆ ಹೇಳುತ್ತ ಬಂದಿದ್ದೆ. ಹೇಳಿ ಹೇಳಿ ನನಗೂ ಹಾಗೇ ನೆನಪಿತ್ತು. ಪುರಾವೆಯಿಲ್ಲದೆ ಏನನ್ನೂ ನಂಬಬಾರದು ಎಂದು ವಿಶ್ವವಿದ್ಯಾಲಯದಲ್ಲಿ ಕಲಿತವನು ನಾನು. ದೇವರನ್ನೂ ಪುರಾವೆ ಕೇಳಿದ್ದೇನೆ, ಜ್ಯೋತಿಷಿಗಳನ್ನೂ ಕೇಳಿದ್ದೇನೆ. ನನ್ನ ನೆನಪನ್ನು ಮಾತ್ರ ಕೇಳಿರಲಿಲ್ಲ. ಓಮ ಕುದಿಸಿದ ಸಂಜೆ ಹಳೆಯ ಚಿತ್ರಗಳನ್ನು ತೆರೆದೆ. ಮೊಟ್ಟೆಗಳಾಚೆ, ಮಸುಕಾಗಿ, ದೋಣಿಯ ಪಕ್ಕ ನಿಂತ ಅವರ ಬೆನ್ನು. ಒಂದಾದ ಮೇಲೊಂದು ನೋಡಿದೆ. ಎಲ್ಲದರಲ್ಲೂ ಬೆನ್ನೇ.

ಅವರ ಮುಂದೆ ಒಪ್ಪಿಕೊಂಡೇ ಬರಬೇಕೆಂದು ಆ ಭಾನುವಾರ ಹೊರಟೆ. ಮನೆಯಲ್ಲಿ ಅವರ ಹೆಂಡತಿ ಇದ್ದರು. ದೋಣಿಯಣ್ಣ ತೀರಿಕೊಂಡು ಎರಡು ವರ್ಷವಾಗಿತ್ತು. ಆಕೆ ನನ್ನನ್ನು ಸ್ವಲ್ಪ ಹೊತ್ತು ದಿಟ್ಟಿಸಿ ಗುರುತು ಹಿಡಿದರು.

“ಕ್ಯಾಮೆರಾದವ್ರ್ ಯಾರ್ ಬಂದ್ರೂ ನಮ್ಮನಿಯವ್ರ್ ನಿಮ್ಮ್ ಸುದ್ದಿ ಕೇಂತಿದ್ರ್. ಪಾಪ, ಅವ್ರ ಹೊಟ್ಟಿ ಸರಿ ಆಯ್ತೋ ಇಲ್ಯೋ ಅಂತ. ಈಗ ಹ್ಯಾಂಗಿತ್ತ್?”

ಆಕೆಯ ದನಿಯಲ್ಲಿ ವ್ಯಂಗ್ಯ ಹುಡುಕಿದೆ. ಇದ್ದಿದ್ದರೆ ಎಷ್ಟೋ ಹಗುರವಾಗುತ್ತಿತ್ತು... ಇರಲಿಲ್ಲ.

“ಅವತ್ತೇ ಸರಿಹೋಯಿತಮ್ಮ,” ಎಂದೆ.

“ಹಾಂಗಾರೆ ಅಡ್ಡಿಲ್ಲ,” ಎಂದು ಸಮಾಧಾನದಿಂದ ನಕ್ಕರು. ನನ್ನ ಮಾತು ಕೇಳಬೇಕಾಗಿದ್ದವರು ಇಲ್ಲವಾಗಿದ್ದರು. ಇದ್ದವರಿಗೂ ಸುಳ್ಳನ್ನೇ ಹೇಳಿ ಎದ್ದು ಬಂದೆ.