ಮೈನ್ ಹೊಳೆ ದಂಡೆಯಲ್ಲಿ ಗಿರಿಜಾಳ ಕೈ

ನನ್ನನ್ನು ಜರ್ಮನಿಗೆ ಕಳಿಸಿಕೊಡಲು ಕೊಟ್ಟೂರು ಬಸ್ ನಿಲ್ದಾಣಕ್ಕೆ ಆರು ಜನ ಬಂದಿದ್ದರು. ಹಡಗಲಿಗೆ ಕೊಟ್ಟ ಮಗಳು ಶಾಂತಾ, ನಮ್ಮ ಕಲ್ಲಿನ ಕಾರ್ಖಾನೆಯ ಸಾಹುಕಾರರು, ಮತ್ತೆ ಅಲ್ಲಿ ಕಲ್ಲು ನಯ ಮಾಡುವ ನಾಲ್ವರು ಹೆಂಗಸರು. ಕಂಡಕ್ಟರ್ "ಎಲ್ಲಿಗ್ರಿ?" ಎಂದಾಗ ನನಗಿಂತ ಮೊದಲು ಸಾಹುಕಾರರೇ "ಜರ್ಮನಿಗೆ" ಎಂದರು. ಕಂಡಕ್ಟರ್ ನಗಲಿಲ್ಲ. "ನಮ್ದು ಕೂಡ್ಲಿಗಿ ಮ್ಯಾಲೆ ಬೆಂಗಳೂರು ತನಕ ಅಷ್ಟ ಹೋಗತೈತ್ರಿ" ಎಂದು ಟಿಕೆಟ್ ಹರಿದು ಕೊಟ್ಟ.

ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಒಂದು ನವೆಂಬರ್ ಅದು. ನಾನು ಹೊರಟದ್ದು ಊರು ನೋಡಲಿಕ್ಕಲ್ಲ, ಒಂದು ಕಲೆ ತೆಗೆಯಲಿಕ್ಕೆ. ಹರಪನಹಳ್ಳಿ ರಸ್ತೆಯಲ್ಲಿರುವ ನಮ್ಮ ಕಾರ್ಖಾನೆಯಿಂದ ಬೂದು ಬಣ್ಣದ ಕಲ್ಲು ಜರ್ಮನಿಗೆ ಹೋಗುತ್ತದೆ. ಅಲ್ಲಿಯವರು ಅದನ್ನು ಸಮಾಧಿಯ ತಲೆಗೆ ನಿಲ್ಲಿಸುತ್ತಾರೆ. ಪ್ರತಿ ಲೋಡಿನ ಮೊದಲ ಕಲ್ಲನ್ನು ನಮ್ಮ ಹೆಂಗಸರು ಗಂಡನ ಮನೆಗೆ ಹೊರಟ ಮಗಳೆಂದೇ ತಿಳಿದು ಉಡಿ ತುಂಬಿ ಕಳಿಸುತ್ತಾರೆ. ಅಕ್ಕಿ, ಕೊಬ್ಬರಿ, ಕುಪ್ಪಸದ ಬಟ್ಟೆ ಇಟ್ಟು, ಎಣ್ಣೆಯಲ್ಲಿ ಕಲಸಿದ ಅರಿಶಿನವನ್ನು ಕಲ್ಲು ಇಟ್ಟ ಪೆಟ್ಟಿಗೆಯ ಮರಕ್ಕೆ ಹಚ್ಚುತ್ತಾರೆ. ಮರಕ್ಕೆ ಮಾತ್ರ. ಕಲ್ಲಿಗೆ ಎಣ್ಣೆ ತಾಗಿಸಬೇಡಿರೆಂದು ಹದಿನೆಂಟು ವರ್ಷ ಅವರ ಮೇಲೆ ಕೂಗಾಡಿದ ಮೇಸ್ತ್ರಿ ನಾನೇ.

ಆ ಆಗಸ್ಟ್‌ನಲ್ಲಿ ಉಡಿ ತುಂಬಲು ನನ್ನ ಹೆಂಡತಿ ಗಿರಿಜಾ ಬಂದಿದ್ದಳು. ಮೂರು ತಿಂಗಳಿಂದ ಹಾಸಿಗೆ ಹಿಡಿದವಳು, ಅಂದು ತಾನಾಗಿ ಎದ್ದು ಹೊಸ ಸೀರೆ ಉಟ್ಟು ಆಟೋದಲ್ಲಿ ಬಂದಿಳಿದಳು. ಪೆಟ್ಟಿಗೆಗೆ ಮುಚ್ಚಳ ಹೊಡೆದಿರಲಿಲ್ಲ. ಅರಿಶಿನದ ಬಲಗೈಯನ್ನು ನೇರವಾಗಿ ಕಲ್ಲಿನ ಮೇಲೆ ಒತ್ತಿದಳು. ನಾನು ನೋಡಿದೆ. ಬೇರೆ ಯಾರಾದರೂ ಆಗಿದ್ದರೆ ಕಾರ್ಖಾನೆ ಹಾರಿಹೋಗುವ ಹಾಗೆ ಬೈಯುತ್ತಿದ್ದೆ. ಅವಳು ನನ್ನ ಮುಖ ನೋಡಿ, "ಬಿಸಿಲು ಬಿದ್ರ ಅರಿಶಿನ ಹೋಗತೈತಿ ಬಿಡ್ರಿ" ಎಂದು ನಕ್ಕಳು. ಮುಚ್ಚಳ ಬಿತ್ತು, ಬಿಸಿಲು ಬೀಳಲಿಲ್ಲ. ಆ ಕಲ್ಲು ಇನ್ನೂ ಸಮುದ್ರದ ಮೇಲಿರುವಾಗಲೇ ಗಿರಿಜಾ ತೀರಿಕೊಂಡಳು.

ಅಕ್ಟೋಬರ್‌ನಲ್ಲಿ ಕಾಗದ ಬಂತು, ಜೊತೆಗೊಂದು ಫೋಟೊ. ಕಲ್ಲಿನ ಮೇಲೊಂದು ಹಳದಿ ಗುರುತಿತ್ತಂತೆ. ಅಲ್ಲಿಯ ಕಲ್ಲುಕುಟಿಗ ಹೆಸರು ಕೆತ್ತಿದ ಮೇಲೆ ಅದನ್ನು ಸೋಪಿನಿಂದ ತೊಳೆದರೆ ಕೆಂಪಾಯಿತಂತೆ. ಕಲ್ಲಿನೊಳಗೇ ಏನೋ ರೋಗವಿದೆ, ಇಡೀ ಲೋಡು ವಾಪಸ್ಸು, ಇನ್ನು ಮುಂದೆ ನಿಮ್ಮ ಕಲ್ಲು ಬೇಡ ಎಂದು ವ್ಯಾಪಾರಿ ಬರೆದಿದ್ದ. ಫೋಟೊದಲ್ಲಿ ಐದು ಬೆರಳು, ಒಂದು ಅಂಗೈ. ಕಿರುಬೆರಳು ಸ್ವಲ್ಪ ಹೊರಗೆ ಬಾಗಿತ್ತು. ಸಾಹುಕಾರರು "ಯಾರದು ಈ ಕೈ?" ಎಂದರು. ಹೆಂಗಸರು ನೆಲ ನೋಡಿದರು, ನಾನೂ ನೆಲ ನೋಡಿದೆ. ಕಡೆಗೆ ಸಾಹುಕಾರರು, "ಕೊಟ್ರಪ್ಪ, ಇಂಗ್ಲಿಷ್ ಬರೋದು ನಿನಗ ಒಬ್ಬಗ. ನೀನ ಹೋಗು. ಕಲ್ಲಿನ ಕಲಿ ಹೋಗಲಿಲ್ಲಂದ್ರ ಮಷಿನ್ ಬಂದ್ ಮಾಡೋದ ಗತಿ" ಎಂದರು. ಆ ಮಷಿನ್ ನಂಬಿ ನಲವತ್ತು ಮನೆಗಳ ಒಲೆ ಉರಿಯುತ್ತಿತ್ತು.

ಬಸ್ಸು ಬಿಡುವಾಗ ಕಳಿಸಲು ಬಂದ ಹೆಂಗಸರಲ್ಲಿ ಹಿರಿಯಳಾದ ಹುಲಿಗೆವ್ವ ಕಿಟಕಿಗೆ ಬಂದು, "ಅಕ್ಕಾರ ಕೈ ತಿಕ್ಕಿ ಬರ್ತೀರೇನ್ರಿ ಅಣ್ಣಾರ?" ಎಂದಳು.

"ತಿಕ್ಕಾಕ ಹೊಂಟೀನವ್ವ" ಎಂದೆ.

ದೀಪಾವಳಿಗೆ ಸುಣ್ಣ ಹೊಡೆಸಿದಾಗ ಮನೆಯ ಗೋಡೆಯ ಮೇಲಿದ್ದ ಗಿರಿಜಾಳ ಕೈಗುರುತುಗಳು ಮುಚ್ಚಿಹೋಗಿದ್ದವು. ಅವಳ ಕೈ ಉಳಿದದ್ದು ಆ ಕಲ್ಲಿನ ಮೇಲೊಂದೇ. ಅದನ್ನು ಅಳಿಸಿದರೆ ನಲವತ್ತು ಮನೆ ಉಳಿಯುತ್ತವೆ, ಅಳಿಸುವವನು ನಾನು. ಚಿತ್ರದುರ್ಗ ದಾಟುವವರೆಗೂ ಇದೊಂದನ್ನೇ ತಿರುಗಿಸಿ ತಿರುಗಿಸಿ ಯೋಚಿಸಿದೆ.

ಬೆಂಗಳೂರಿನಿಂದ ಮುಂಬಯಿಗೆ ಹೋದೆ, ಅಲ್ಲಿಯ ವಿಮಾನ ನಿಲ್ದಾಣದಲ್ಲಿ ಕೊರಳಲ್ಲಿದ್ದ ಲಿಂಗದ ಬೆಳ್ಳಿ ಕರಡಿಗೆ ಕಂಡು ಕಾವಲಿನವನು ಯಂತ್ರ ಎರಡೆರಡು ಸಲ ಆಡಿಸಿದ. "ಇದರಲ್ಲೇನಿದೆ?" ಎಂದ. "ದೇವರು" ಎಂದೆ. ಹೋಗೆಂದು ಕೈ ಬೀಸಿದ. ಫ್ರಾಂಕ್‌ಫರ್ಟ್‌ನಲ್ಲಿ ಇಳಿದಾಗ ಬೆಳಗಿನ ಏಳು ಗಂಟೆ, ಇನ್ನೂ ಕತ್ತಲು. ಶಾಂತಾ ತುರುಕಿದ್ದ ಎರಡು ಸ್ವೆಟರ್‌ಗಳನ್ನೂ ಒಂದರ ಮೇಲೊಂದು ಹಾಕಿಕೊಂಡೆ. ಟಿಕೆಟ್ ಕೊಡುವುದು ಮನುಷ್ಯನಲ್ಲ, ಗೋಡೆಗೆ ನಿಲ್ಲಿಸಿದ ಪೆಟ್ಟಿಗೆ. ಇಪ್ಪತ್ತು ಮಾರ್ಕಿನ ನೋಟನ್ನು ಅದು ಮೂರು ಸಲ ಉಗುಳಿ ನಾಲ್ಕನೆಯ ಸಲ ನುಂಗಿತು.

ಎರಡು ಕಡೆ ಗಾಡಿ ಬದಲಿಸಿದ ಮೇಲೆ ಸಿಕ್ಕಿದ್ದು ಎರಡೇ ಡಬ್ಬಿಯ ಸಣ್ಣ ರೈಲು. ಅದು ಮೈನ್ ಎಂಬ ಹೊಳೆಯ ದಂಡೆಗುಂಟ ಹೋಗುತ್ತದೆ. ಮಂಜಿನಲ್ಲಿ ಹೊಳೆ ಒಂದು ಗಳಿಗೆ ಕಂಡರೆ ಇನ್ನೊಂದು ಗಳಿಗೆ ಇಲ್ಲ. ಡಬ್ಬಿಯಲ್ಲಿ ಹನ್ನೆರಡು ಜನರಿದ್ದರೂ ಮಾತು ಎಂಬುದಿಲ್ಲ. ನಮ್ಮ ಕಡೆ ಹರಪನಹಳ್ಳಿಯಿಂದ ತೆಲಿಗಿ ಮುಟ್ಟುವುದರೊಳಗೆ ಪಕ್ಕದವನು ನನ್ನ ಬೀಗರು ಯಾರೆಂದು ತಿಳಿದುಕೊಂಡಿರುತ್ತಾನೆ. ಹಸಿವಾಗಿ ಜೋಳದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿದೆ. ಒಬ್ಬನೇ ತಿನ್ನುವುದು ಸರಿ ಕಾಣದೆ ಎದುರು ಕೂತ ಮುದುಕನಿಗೂ ಚಾಚಿದೆ. ಅವನು ಬೆರಳಗಲ ಮುರಿದುಕೊಂಡು, ಬೆಳಕಿಗೆ ಹಿಡಿದು ನೋಡಿ, ಬಾಯಿಗೆ ಹಾಕಿ ತಲೆಯಾಡಿಸಿದ. ಆಮೇಲೆ ಪತ್ರಿಕೆ ಎತ್ತಿದವನು ನಾನು ಇಳಿಯುವವರೆಗೆ ಇಳಿಸಲಿಲ್ಲ.

ಆ ಊರಿನ ಹೆಸರು ಕೊನೆಯವರೆಗೂ ನನ್ನ ನಾಲಿಗೆಗೆ ಹತ್ತಲಿಲ್ಲ, ಹಾಗಾಗಿ ಹೊಳೆಯೂರು ಎನ್ನುತ್ತೇನೆ. ಒಂದು ಕಡೆ ಕಾಡಿನ ಗುಡ್ಡ, ಇನ್ನೊಂದು ಕಡೆ ಹೊಳೆ, ನಡುವೆ ಒಂದೇ ಉದ್ದನೆಯ ಬೀದಿ. ಎರಡು ತುದಿಗೂ ಹಳೆಯ ಅಗಸೆ ಬಾಗಿಲು. ಮನೆಗಳ ಮೈಮೇಲೆ ಮರದ ತೊಲೆಗಳು ಅಡ್ಡ, ಉದ್ದ, ಓರೆಯಾಗಿ ಎದ್ದು ಕಾಣುತ್ತವೆ, ನಡುವಿನ ಗೋಡೆಗೆ ಬಿಳಿ ಸುಣ್ಣ. ಚರ್ಚು, ಕೋಟೆ, ಬಾವಿಕಟ್ಟೆ ಎಲ್ಲ ಕೆಂಪು ಕಲ್ಲಿನವು. ಉಗುರಿನಿಂದ ಕೆರೆದು ನೋಡಿದೆ, ಮೆತ್ತಗಿನ ಕಲ್ಲು. ಮುನ್ನೂರು ನಾನೂರು ವರ್ಷದ ಮೆಟ್ಟಿಲುಗಳು ನಡುವೆ ಸವೆದು ಗುಳಿ ಬಿದ್ದಿದ್ದವು. ಇಂಥವರಿಗೆ ನಮ್ಮ ಗಟ್ಟಿ ಕಲ್ಲು ಯಾಕೆ ಬೇಕಾಯಿತೆಂದು ಆಗ ತಿಳಿಯಿತು.

ಹೊಳೆಯ ಹತ್ತಿರದ ಮೂಲೆಮನೆಯ ಗೋಡೆಯಲ್ಲಿ ಗೆರೆ ಕೊರೆದು ಇಸವಿ ಕೆತ್ತಿದ್ದರು. ನೆರೆ ಯಾವ ವರ್ಷ ಎಲ್ಲಿವರೆಗೆ ಏರಿತ್ತೆಂಬ ಲೆಕ್ಕ. ಒಂದು ಗೆರೆ ಮೊಣಕಾಲಿಗೆ, ಒಂದು ಎದೆಗೆ, ಎಲ್ಲಕ್ಕಿಂತ ಮೇಲಿನದು ನಾನು ಕೈ ಎತ್ತಿದರೂ ಸಿಗದಷ್ಟು ಎತ್ತರ. ಹಗರಿಬೊಮ್ಮನಹಳ್ಳಿ ಕಡೆ ಅಣೆಕಟ್ಟಿನ ನೀರು ಬಂದಾಗ ಊರಿಗೆ ಊರೇ ಎದ್ದು ಬೇರೆ ಕಡೆ ಹೋಗಿ ಕೂತಿತ್ತು. ಇವರು ಎಲ್ಲಿಗೂ ಹೋಗದೆ, ನೀರು ಬಂದ ಗುರುತನ್ನು ಮಾತ್ರ ಗೋಡೆಯಲ್ಲಿ ಇಟ್ಟುಕೊಂಡಿದ್ದಾರೆ. ಆ ಗೋಡೆಯ ಮುಂದೆ ಬಹಳ ಹೊತ್ತು ನಿಂತೆ. ಬೀದಿಯಲ್ಲಿ ಯಾರೂ ಇರಲಿಲ್ಲ.

ಇಳಿದುಕೊಂಡ ವಸತಿಗೃಹದಲ್ಲಿ ನಾನೊಬ್ಬನೇ ಗಿರಾಕಿ. ಮಾಂಸ, ಮೀನು, ಮೊಟ್ಟೆ ಯಾವುದೂ ಬೇಡವೆಂದಾಗ ಮನೆಯೊಡತಿ ನನಗೇನೋ ಕಾಯಿಲೆಯೆಂದೇ ತಿಳಿದಿರಬೇಕು, ಬೇಯಿಸಿದ ಆಲೂಗಡ್ಡೆ ತಂದಿಟ್ಟು ಮೆಲ್ಲಗೆ ಮಾತಾಡಿದಳು. ಚಟ್ನಿ ಪುಡಿ ಹಚ್ಚಿಕೊಂಡು ತಿಂದೆ. ಹತ್ತು ಮೇಜುಗಳಲ್ಲಿ ಒಂದಕ್ಕೆ ಮಾತ್ರ ಬಟ್ಟೆ ಹಾಸಿತ್ತು, ಒಂದು ತಟ್ಟೆ, ಒಂದು ಲೋಟ. ಕೊಟ್ಟೂರಿನಲ್ಲಿ ಈ ಮೂರು ತಿಂಗಳು ನಾನು ಕೂತೇ ಉಂಡಿರಲಿಲ್ಲ, ಅಡುಗೆಮನೆಯಲ್ಲಿ ನಿಂತುಕೊಂಡೇ ಮುಗಿಸುತ್ತಿದ್ದೆ. ಇಲ್ಲಿ ಕೂರಲೇಬೇಕಾಯಿತು. ಎದುರಿನ ಕುರ್ಚಿ ಖಾಲಿ ಇರುವುದನ್ನು ನೋಡುತ್ತ ಕೂತು ಉಂಡೆ, ಅಳು ಬಂತು.

ಮರುದಿನ ಬೆಳಿಗ್ಗೆ ಕಲ್ಲುಕುಟಿಗನ ಷೆಡ್ಡಿಗೆ ಹೋದೆ. ವರ್ನರ್ ಎಂದು ಹೆಸರು, ಅರವತ್ತರ ಆಸುಪಾಸಿನ ದಪ್ಪ ಮನುಷ್ಯ. ಕೈ ಕುಲುಕಿದಾಗ ಅಂಗೈ ನಮ್ಮವರದೇ ಎನ್ನಿಸಿತು, ಒಡೆದ ಉಗುರು, ಗೀರು ಬಿದ್ದ ಹೆಬ್ಬೆರಳು. ಅವನ ಇಂಗ್ಲಿಷ್ ನನ್ನ ಇಂಗ್ಲಿಷಿನಷ್ಟೇ ಇದ್ದುದರಿಂದ ಮಾತಿಗೆ ತೊಂದರೆಯಾಗಲಿಲ್ಲ. ಗೋಣಿತಾಟು ಸರಿಸಿ ಕಲ್ಲು ತೋರಿಸಿದ. ಮೇಲೆ ಗಂಡನ ಹೆಸರು, ಹುಟ್ಟಿದ ವರ್ಷ, ಸತ್ತ ವರ್ಷ. ಕೆಳಗೆ ಹೆಂಡತಿಯ ಹೆಸರು, ಒಂದೇ ವರ್ಷ, ಆಮೇಲೆ ಒಂದು ಗೆರೆ, ಮುಂದೆ ಖಾಲಿ.

"ಈಯಮ್ಮ?" ಎಂದೆ.

"ಬದುಕಿದ್ದಾರೆ. ಬ್ರೆಡ್ ಅಂಗಡಿಯ ಮೇಲಿನ ಮನೆ. ಇಬ್ಬರದೂ ಒಟ್ಟಿಗೇ ಕೆತ್ತಿಸುವುದು ಇಲ್ಲಿಯ ಪದ್ಧತಿ" ಎಂದ.

ಆ ಖಾಲಿ ಜಾಗದ ಕೆಳಗೆ ಗಿರಿಜಾಳ ಕೈ ಕೆಂಪಗೆ ಕೂತಿತ್ತು. ಫೋಟೊದಲ್ಲಿ ನೋಡಿದ್ದೆ, ಆದರೂ ಪಕ್ಕದ ಕಲ್ಲಿನ ಮೇಲೆ ಕೂತುಬಿಟ್ಟೆ. ವರ್ನರ್ ನನಗೆ ಚಳಿಯಾಯಿತೆಂದು ಕಾಫಿ ತಂದ.

ಕೆಂಪಾದದ್ದು ಯಾಕೆಂದು ನಮ್ಮ ಕಡೆಯ ಯಾವ ಹೆಂಗಸನ್ನು ಕೇಳಿದರೂ ಹೇಳುತ್ತಾಳೆ. ಆರತಿ ತಟ್ಟೆಯ ನೀರಿಗೆ ಅರಿಶಿನ ಹಾಕಿ ಚಿಟಿಕೆ ಸುಣ್ಣ ಬೆರೆಸಿದರೆ ಓಕುಳಿ ಕೆಂಪಗಾಗುತ್ತದೆ. ಇವನ ಸೋಪಿನಲ್ಲಿದ್ದದ್ದೂ ಸುಣ್ಣದ್ದೇ ಗುಣ. ನಿಂಬೆಹಣ್ಣು ಸಿಗುತ್ತದೆಯೇ ಎಂದು ಕೇಳಿದೆ. ಅವನು ಕಾಫಿ ನೋಡಿದ, ನನ್ನನ್ನು ನೋಡಿದ. ಕಡೆಗೆ ನಾನೇ ತರಕಾರಿ ಅಂಗಡಿಗೆ ಹೋಗಿ ತಂದು, ಅರ್ಧ ಹೋಳನ್ನು ಬಾಗಿದ ಕಿರುಬೆರಳಿನ ಮೇಲೆ ಹಿಂಡಿದೆ. ಕೆಂಪು ಕರಗಿ ಹಳದಿಯಾಯಿತು. ವರ್ನರ್ ಎರಡು ಹೆಜ್ಜೆ ಹಿಂದೆ ಸರಿದ.

ಶಾಂತಾ ಅಡುಗೆಗೆಂದು ಕಟ್ಟಿಕೊಟ್ಟಿದ್ದ ಅರಿಶಿನದ ಪೊಟ್ಟಣ ತೆಗೆದು ಒಂದು ಚೂರು ಕಲ್ಲಿಗೆ ಎಣ್ಣೆಯಲ್ಲಿ ಹಚ್ಚಿದೆ. ಅವನ ಸೋಪು ತಿಕ್ಕಿದರೆ ಕೆಂಪು, ನಿಂಬೆ ಹಿಂಡಿದರೆ ಹಳದಿ. ಅವನು ತಾನೇ ಮೂರು ಸಲ ಮಾಡಿ ನೋಡಿದ. ಆಮೇಲೆ ವ್ಯಾಪಾರಿಗೆ ಫೋನ್ ಹಚ್ಚಿ ಅವರ ಭಾಷೆಯಲ್ಲಿ ಜೋರಾಗಿ ಮಾತಾಡಿದ. ಫೋನ್ ಇಟ್ಟು, "ಕಲ್ಲಿಗೆ ರೋಗವಿಲ್ಲ. ಲೋಡು ಇಲ್ಲೇ ಇರುತ್ತದೆ. ಈ ಒಂದನ್ನು ಮಾತ್ರ ಸ್ವಚ್ಛ ಮಾಡಿ ಕೊಡಬೇಕಂತೆ" ಎಂದ.

ನಲವತ್ತು ಮನೆ ಉಳಿದವು. ಉಳಿದ ಕೆಲಸ ನನ್ನದು. ಎಣ್ಣೆ ಎಳೆಯಲು ಸೀಮೆಸುಣ್ಣದ ಪುಡಿಯ ದಪ್ಪ ಲೇಪ ಹಾಕಬೇಕು, ಹಳದಿಗೆ ಬಿಸಿಲೇ ಆಗಬೇಕು. "ಇಲ್ಲಿ ಬಿಸಿಲು ಎಲ್ಲಿ ಬೀಳುತ್ತದೆ?" ಎಂದೆ.

"ಮಾರ್ಚ್ ತಿಂಗಳಲ್ಲಿ" ಎಂದ ವರ್ನರ್.

ಉಳಿದ ಬೆರಳುಗಳಿಗೂ ಅಂಗೈಗೂ ನಿಂಬೆ ಹಿಂಡಿ ಹಳದಿಗೆ ತಂದು ಪುಡಿ ಕಲಸಿದೆ. ಕರಣೆಯಲ್ಲಿ ಎತ್ತಿಕೊಂಡೆ. ಹಾಕಲಾಗಲಿಲ್ಲ. ಎಷ್ಟೋ ಕಲ್ಲುಗಳ ಕಲೆ ತೆಗೆದ ಕೈ ಅದು, ಮೇಲೆತ್ತಿದಲ್ಲೇ ನಿಂತಿತು. ಅಷ್ಟರಲ್ಲಿ ಕೋಲೂರುತ್ತ ಅಜ್ಜಿಯೊಬ್ಬಳು ಬಂದಳು. ಕಲ್ಲಿನ ಮೇಲೆ ಹೆಸರಿನ ಮುಂದೆ ಒಂದೇ ವರ್ಷ ಕೆತ್ತಿಸಿಕೊಂಡವಳು ಇವಳೇ ಎಂದು ವರ್ನರ್ ಹೇಳಿದ. ಆ ವಾರವೇ ಊರಿನವರೆಲ್ಲ ಸಮಾಧಿಗೆ ದೀಪ ಇಡುವ ಭಾನುವಾರ, ಅಷ್ಟರೊಳಗೆ ಕಲ್ಲು ನಿಲ್ಲಬೇಕೆಂದು ಅವಳಿಗೆ ಅವಸರ. ಹಳದಿ ಕೈ ನೋಡಿದಳು. ಯಾರದೆಂದು ವರ್ನರ್ ಮೂಲಕ ಕೇಳಿಸಿದಳು.

ಕಾರ್ಖಾನೆಯ ಹೆಂಗಸರದು ಎಂದೆ. ಅವಳು ನನ್ನ ಮುಖದಿಂದ ಕಣ್ಣು ತೆಗೆಯಲಿಲ್ಲ. "ನನ್ನ ಹೆಂಡತಿಯದು. ಈಗಿಲ್ಲ" ಎಂದೆ. ಸಾಹುಕಾರರಿಗೂ ಹೇಳದ ಮಾತನ್ನು ಗುರುತಿಲ್ಲದ ಊರಿನಲ್ಲಿ ಹೇಳಿದ್ದೆ.

ಅಜ್ಜಿ ಕೈಗವಸು ತೆಗೆದು ತನ್ನ ಅಂಗೈಯನ್ನು ಆ ಗುರುತಿನ ಮೇಲೆ ಇಟ್ಟು ಏನೋ ಅಂದಳು. "ಚಿಕ್ಕ ಕೈ ಅನ್ನುತ್ತಿದ್ದಾರೆ. ಅವಳಿಗೆ ನೀನು ಎಂಥ ಕಲ್ಲು ಇಟ್ಟೆ ಎಂದು ಕೇಳುತ್ತಿದ್ದಾರೆ" ಎಂದ ವರ್ನರ್. ಹೊಲದ ಬದುವಿನಲ್ಲಿ ಅವಳನ್ನು ಮಣ್ಣು ಮಾಡಿ ಬಂದವನು ನಾನು ಮತ್ತೆ ಆ ಕಡೆ ಹೋಗಿರಲಿಲ್ಲ. ಕಲ್ಲಿನ ಮೇಸ್ತ್ರಿ ಹೆಂಡತಿಗೊಂದು ಕಲ್ಲು ಇಟ್ಟಿಲ್ಲವೆಂದು ಹೇಗೆ ಹೇಳಲಿ? ತಲೆಯನ್ನಷ್ಟೇ ಅಡ್ಡಡ್ಡ ಆಡಿಸಿದೆ. ಅಜ್ಜಿಗೆ ತಿಳಿಯಿತೆಂದು ಕಾಣುತ್ತದೆ. ನನ್ನ ಕೈಯಿಂದ ಕರಣೆ ತೆಗೆದುಕೊಂಡು ಬಕೆಟ್ಟಿನೊಳಗೆ ಇಟ್ಟು, ವರ್ನರ್‌ಗೆ ನಿಧಾನವಾಗಿ ಹೇಳಿದಳು. ಅವನು ಮಾತು ಮಾತಿಗೂ ನಿಂತು ನನಗೆ ಹೇಳಿದ: "ನನ್ನ ಹೆಸರಿನ ಕೆಳಗಿನ ಜಾಗ ಹೇಗೂ ಖಾಲಿ ಇದೆ. ನಾನು ಬರುವವರೆಗೆ ಅವಳು ಇರಲಿ."

ಬಿಸಿಲು ಬಿದ್ದರೆ ಹಳದಿ ಹೋಗುತ್ತದೆ, ಎಣ್ಣೆಯ ಮಸುಕಷ್ಟೇ ಉಳಿಯುತ್ತದೆ ಎಂದು ತಿಳಿಸಿ ಹೇಳಿದೆ. ಅಜ್ಜಿ ಬಾಗಿಲಾಚೆಯ ಮಂಜನ್ನು ಕೋಲಿನಿಂದ ತೋರಿಸಿ ಹೊರಟುಹೋದಳು.

ಮಧ್ಯಾಹ್ನ ಅಂಚೆ ಕಚೇರಿಯಿಂದ ಶಾಂತಾಗೆ ಫೋನ್ ಮಾಡಿದೆ.

"ಅಪ್ಪಾ, ಕಲಿ ಹೋತೇನು?"

"ಇಲ್ಲವ್ವ. ಲೋಡು ಉಳೀತು. ನಿಮ್ಮವ್ವನೂ ಇಲ್ಲೇ ಇರ್ತಾಳಂತ."

"ಊಟ ಮಾಡ್ದಿ?" ಎಂದು ಕೇಳಿದಳು. ಮಾಡಿದೆ ಎಂದೆ.

ಶನಿವಾರ ಬೆಳಿಗ್ಗೆ ಗುಡ್ಡದ ಇಳಿಜಾರಿನಲ್ಲಿ ಕಲ್ಲು ನಿಲ್ಲಿಸಿದರು. ಬುಡಕ್ಕೆ ಗಾರೆ ನಾನೇ ಹಾಕಿದೆ, ಸೂತ್ರ ಹಿಡಿದು ನೋಡಿದೆ, ಕೂದಲೆಳೆಯಷ್ಟೂ ವಾಲಿರಲಿಲ್ಲ. ಮಂಜು ಎಷ್ಟು ದಟ್ಟವಾಗಿತ್ತೆಂದರೆ ಹತ್ತು ಮಾರು ದೂರ ಬಂದು ತಿರುಗಿದಾಗ ಕಲ್ಲೇ ಕಾಣಲಿಲ್ಲ. ಹೋಗಿಬರುತ್ತೇನೆ ಎಂದು ಆ ಕಡೆಗೆ ಹೇಳಿದೆ. ಮತ್ತೆ ಬರುವವನಲ್ಲವೆಂದು ನನಗೆ ಗೊತ್ತಿತ್ತು.

ಹನ್ನೊಂದೂವರೆಯ ಗಾಡಿ. ಎರಡೇ ಡಬ್ಬಿ, ಅದೇ ಮೌನ. ಸೇತುವೆ ದಾಟಿ ಹೊಳೆಯ ಆಚೆ ದಂಡೆಗೆ ಬಂದಾಗ ಮಂಜು ಒಡೆಯಿತು. ನಾಲ್ಕು ದಿನ ಕಾಣದ ಸೂರ್ಯ ಮೊದಲು ನೀರಿನ ಮೇಲೆ ಬಿದ್ದ, ಆಮೇಲೆ ಅಗಸೆ ಬಾಗಿಲಿನ ಮೇಲೆ, ಮನೆಗಳ ಮೇಲೆ, ಆಮೇಲೆ ಗುಡ್ಡದ ಇಳಿಜಾರಿನ ಮೇಲೆ. ಅಲ್ಲಿ ಸಾಲುಸಾಲು ಕಲ್ಲುಗಳು ಬೆಳ್ಳಗೆ ಹೊಳೆದವು. ಬೇರೆಯವರೆಲ್ಲ ಪತ್ರಿಕೆ ಬಿಟ್ಟು ಬಿಸಿಲಿಗೆ ಮುಖ ಕೊಟ್ಟರು. ನಾನು ಕಿಟಕಿಯ ಪರದೆ ಎಳೆದೆ. ಇಲ್ಲಿ ಎಳೆದರೆ ಅಲ್ಲಿ ಬಿಸಿಲು ತಪ್ಪುವುದಿಲ್ಲವೆಂದು ಗೊತ್ತಿತ್ತು, ಆದರೂ ಗಾಡಿ ಬದಲಿಸುವ ನಿಲ್ದಾಣ ಬರುವವರೆಗೆ ಅದನ್ನು ಹಿಡಿದುಕೊಂಡೇ ಕೂತಿದ್ದೆ.