ಕಾಳಯ್ಯನ ನೆಲ, ರೇವಮ್ಮನ ಹೊಟ್ಟೆಕಿಚ್ಚು

ಬೆಳಗಿನ ಆರೂಕಾಲು. ಕ್ಯಾತ್ಸಂದ್ರದಲ್ಲಿ ಕಣ್ಣು ಕಾಣದ ಹೆಣ್ಣುಮಕ್ಕಳಿಗಾಗಿ ಕಟ್ಟುತ್ತಿರುವ ಹಾಸ್ಟೆಲಿನ ಬಾಗಿಲಲ್ಲಿ ರೇವಮ್ಮ ಚಪ್ಪಲಿ ಕಳಚುತ್ತಾರೆ. ಗುಬ್ಬಿಯಿಂದ ಮೊದಲ ಬಸ್ಸಿಗೆ ಬಂದವರು, ಬುತ್ತಿಯ ಚೀಲ ಇನ್ನೂ ಹೆಗಲಲ್ಲೇ ಇದೆ. ಅವರ ಕೆಲಸ ಇರುವುದು ಕಾರಿಡಾರಿನಲ್ಲಿ. ಆದರೆ ಕಾಲು ಮೊದಲು ಹೋಗುವುದು ಊಟದ ಹಾಲಿಗೆ, ಕಾಳಯ್ಯ ಹಾಕಿದ ರೆಡ್ ಆಕ್ಸೈಡ್ ನೆಲದ ಮೇಲಕ್ಕೆ. ಕಣ್ಣು ಮುಚ್ಚಿ, ಬರಿಗಾಲಲ್ಲಿ, ಗೋಡೆಯಿಂದ ಗೋಡೆಗೆ ನಡೆಯುತ್ತಾರೆ. ಒಂದು ತಗ್ಗು, ಒಂದು ಉಬ್ಬು, ಕರಣೆ ಜಾರಿದ ಒಂದು ಗೆರೆಯಾದರೂ ಸಿಗಲಿ ಎಂಬ ಆಸೆ. ಸಿಗುವುದಿಲ್ಲ. ಕುಣಿಯಲಾರದವಳು ನೆಲ ಡೊಂಕು ಅನ್ನಬಹುದು. ಕಾಳಯ್ಯನ ನೆಲದ ಮೇಲೆ ಆ ಸವಲತ್ತೂ ಇಲ್ಲ.

"ಸುಳ್ಳ್ಯಾಕೆ ಹೇಳ್ಲಿ, ಹೊಟ್ಟೆ ಉರೀತದೆ," ಎನ್ನುತ್ತಾರೆ ರೇವಮ್ಮ, ಕಾರಿಡಾರಿಗೆ ಬಂದು ಸೆರಗು ಸಿಕ್ಕಿಸುತ್ತಾ. "ಕಾಲಿಟ್ರೆ ಕೆರೆ ನೀರಿಗೆ ಇಳ್ದಂಗೆ ತಣ್ಣಗಾಯ್ತದೆ. ಅದೇ ಸಿಮೆಂಟು, ಅದೇ ಬಣ್ಣ, ಅದೇ ಕರಣೆ. ನನ್ ಕೈಲಿ ಅಷ್ಟು ನುಣ್ಣಗೆ ಬರಾಕಿಲ್ಲ."

ಐವತ್ತೆಂಟರ ರೇವಮ್ಮನಿಗೂ ಕುಣಿಗಲ್ಲಿನ ಕಾಳಯ್ಯನಿಗೂ ಗುರು ಒಬ್ಬರೇ, ಗುಬ್ಬಿಯ ದೊಡ್ಡರಂಗಯ್ಯ ಮೇಸ್ತ್ರಿ. ಕಾಳಯ್ಯ ಸೇರಿದ್ದು ಎರಡು ವರ್ಷ ತಡವಾಗಿ. ಆದರೂ ಸೇರಿದ ಆರೇ ತಿಂಗಳಿಗೆ ಅವನ ಕೈಗೆ ಕರಣೆ ಬಂತು. ರೇವಮ್ಮನ ತಲೆಯ ಮೇಲೆ ಗಾರೆಯ ಬಾಂಡ್ಲಿ ಒಂಬತ್ತು ವರ್ಷ ಇತ್ತು. ಹೆಂಗಸರಿಗೆ ಹೊರುವ ಕೆಲಸ, ಗಂಡಸರಿಗೆ ತೀಡುವ ಕೆಲಸ ಎಂಬುದು ಕಟ್ಟಡದ ಸೈಟುಗಳಲ್ಲಿ ಇವತ್ತಿಗೂ ಯಾರೂ ಬರೆಯದೆ ನಡೆಯುವ ಕಾನೂನು. ಮೇಸ್ತ್ರಿ ಊಟಕ್ಕೆ ಹೋದಾಗ ಮೂಲೆಯಲ್ಲಿ ಉಳಿದ ಗಾರೆಯ ಮೇಲೆ ಕೈ ಆಡಿಸಿಯೇ ಆಕೆ ಕಲಿತದ್ದು.

ಈ ಕೆಲಸ ಬಿಸಿಲೇರುವ ಮುಂಚೆ ಶುರುವಾಗಬೇಕು, ಇಲ್ಲವಾದರೆ ನೆಲ ಬಿರಿಯುತ್ತದೆ. ದಿನಕ್ಕೆ ಎಂಬತ್ತು ಚದರಡಿ, ಅದಕ್ಕಿಂತ ಹೆಚ್ಚು ಮುಟ್ಟುವುದಿಲ್ಲ. ಗಾರೆ ಗಟ್ಟಿಯಾಗುವ ಮೊದಲು ಒಂದೊಂದು ಜಾಗದ ಮೇಲೂ ಕರಣೆ ಇನ್ನೂರು ಸಲವಾದರೂ ಹೋಗಿಬರುತ್ತದೆ. ಆಮೇಲೆ ಏಳು ದಿನ ನೀರು ಕಟ್ಟಿ ನಿಲ್ಲಿಸಿ, ಕೊನೆಗೆ ಕೊಬ್ಬರಿ ಎಣ್ಣೆ ಉಜ್ಜುವುದು. ಮೂವತ್ತನಾಲ್ಕು ವರ್ಷ ಕುಕ್ಕರಗಾಲಲ್ಲಿ ಕೂತ ಮಂಡಿಗಳು ಈಗ ಏಳುವಾಗ ಸದ್ದು ಮಾಡುತ್ತವೆ. ಇಷ್ಟಾದರೂ ಮನೆ ನೋಡಲು ಬಂದವರೆಲ್ಲ ಕೇಳುವುದು "ಕಾಳಯ್ಯನ ನೆಲವಾ?" ಎಂದೇ. ಹಾಗೆ ಕೇಳಿದ ನಾಲ್ಕು ಮನೆಗಳಲ್ಲಿ ನೆಲ ತಮ್ಮದಾಗಿತ್ತು ಎಂಬುದನ್ನು ರೇವಮ್ಮ ಮರೆತಿಲ್ಲ, ಮರೆಯುವ ಇರಾದೆಯೂ ಇಲ್ಲ.

ಹಾಸ್ಟೆಲಿನ ನಕ್ಷೆ ಬರೆದವರು ತುಮಕೂರಿನ ಆರ್ಕಿಟೆಕ್ಟ್ ಸಂಹಿತಾ. "ನಾವು ಕಣ್ಣಿಗೆ ಮಾತ್ರ ಮನೆ ಕಟ್ತೀವಿ. ಇಲ್ಲಿ ಕಾಲು, ಕಿವಿ, ಮೂಗಿಗೆ ಕಟ್ಟಬೇಕಿತ್ತು," ಎನ್ನುತ್ತಾರೆ ಅವರು. ಅದಕ್ಕೇ ಊಟದ ಹಾಲಿನ ಸೂರು ಎತ್ತರ, ಒಳಗೆ ಬಂದರೆ ದನಿ ದೊಡ್ಡದಾಗಿ ಕೇಳುತ್ತದೆ. ಮೆಟ್ಟಿಲ ಪಕ್ಕದ ಗೋಡೆಯಲ್ಲಿ ಜಾಲಂಧ್ರ, ಹತ್ತಿರ ಬಂದರೆ ಕೆನ್ನೆಗೆ ಗಾಳಿ ತಾಗುತ್ತದೆ. ಕಾರಿಡಾರಿನಲ್ಲಿ ಪ್ರತಿ ಬಾಗಿಲ ಮುಂದೆಯೂ ನೆಲಕ್ಕೆ ಒಂದೊಂದು ಒರಟು ಪಟ್ಟಿ. ಅಡುಗೆಮನೆಗೆ ತೆಂಗಿನ ಹಗ್ಗ ಒತ್ತಿದ ಗುರುತು, ಮೆಟ್ಟಿಲಿಗೆ ಕಡ್ಡಿಪೊರಕೆ ಎಳೆದ ಗೆರೆ, ಬಚ್ಚಲಿಗೆ ಬೆರಳು ಊರಿದ ಗುಳಿ. ಹುಡುಗಿಯರ ಪಾದವೇ ಬಾಗಿಲನ್ನು ಗುರುತಿಸಬೇಕು.

ನುಣುಪು ನೆಲ ಕಾಳಯ್ಯನಿಗೆ, ಒರಟು ಪಟ್ಟಿ ರೇವಮ್ಮನಿಗೆ ಎಂದು ಸಂಹಿತಾ ಕೆಲಸ ಹಂಚಿದಾಗ ರೇವಮ್ಮನ ಮುಖ ಕಪ್ಪಿಟ್ಟಿತು. "ನುಣ್ಣಗೆ ಮಾಡೋನು ಮೇಸ್ತ್ರಿ, ಒರಟು ಬಿಡೋನು ಕೂಲಿ. ನಮ್ ಕೆಲ್ಸದಾಗೆ ಹಂಗೇನೆ," ಎಂಬುದು ಅವರ ಲೆಕ್ಕ. ಆದರೂ ಮೊದಲ ಪಟ್ಟಿಯನ್ನು ಹೇಳಿದಂತೆಯೇ ಹಾಕಿದರು. ಮೆಟ್ಟಿಲ ಮುಂದೆ ಹಸಿ ಗಾರೆಯ ಮೇಲೆ ಪೊರಕೆ ಎಳೆದು ಕೂತಿದ್ದಾಗ ಕಾಳಯ್ಯ ಆ ದಾರಿಯಲ್ಲಿ ಹೋದ. ಬಗ್ಗಿ ನೋಡಿ, "ಇದೇನಕ್ಕ, ಕೋಳಿ ಕೆದರ್ದಂಗದೆ," ಎಂದು ನಕ್ಕ.

ಅವನು ತಮಾಷೆಗೇ ಅಂದದ್ದು. ರೇವಮ್ಮ ಮಾತ್ರ ಕರಣೆ ಎತ್ತಿಕೊಂಡರು. ಮಧ್ಯಾಹ್ನದ ಹೊತ್ತಿಗೆ ಆ ಪಟ್ಟಿಯಲ್ಲಿ ಮುಖ ನೋಡಿಕೊಳ್ಳಬಹುದಿತ್ತು. ಮೇಡಂ ಬಂದು ನೋಡಿದರೆ ಹೊಗಳದೆ ಇರುತ್ತಾರೆಯೇ ಎಂದು ಎಣ್ಣೆಯನ್ನೂ ಉಜ್ಜಿಟ್ಟರು, ಹತ್ತು ದಿನದ ಮೇಲೆ.

ಹಳೆಯ ಹಾಸ್ಟೆಲಿನಿಂದ ಹನ್ನೊಂದು ವರ್ಷದ ಇಂಪನಾಳನ್ನು ಕರೆತಂದು ಸಂಹಿತಾ ನಡೆಸಿ ನೋಡಿದ್ದು ಅದರ ಮರುದಿನ. ಹುಡುಗಿ ಅಡುಗೆಮನೆಯ ಹಗ್ಗದ ಗುರುತಿಗೆ ಕಾಲು ತಾಗಿಸಿ ನಕ್ಕಳು, ಮುಂದೆ ನಡೆದಳು. ನುಣ್ಣನೆಯ ನೆಲದಿಂದ ನುಣ್ಣನೆಯ ಪಟ್ಟಿಗೆ ಬಂದದ್ದು ಅವಳಿಗೆ ತಿಳಿಯಲಿಲ್ಲ. ಮೆಟ್ಟಿಲ ಅಂಚಿನಲ್ಲಿ ಕಾಲು ಗಾಳಿಗೆ ಹೋದಾಗ ಸಂಹಿತಾ ತೋಳು ಹಿಡಿದೆಳೆದರು. "ಅಜ್ಜಿ, ಮೆಟ್ಲು ಇದೆ ಅಂತ ನೆಲ ಹೇಳ್ಲೇ ಇಲ್ಲ," ಎಂದಳು ಇಂಪನಾ, ಜೊತೆಯಲ್ಲೇ ಬರುತ್ತಿದ್ದ ರೇವಮ್ಮನತ್ತ ತಿರುಗಿ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ರೇವಮ್ಮನಿಗೆ ಹೆಚ್ಚು ಚುಚ್ಚಿತು.

"ನಿಮಗೆ ಬೇಡವಾದ್ರೆ ಪಟ್ಟಿಗಳನ್ನೂ ಕಾಳಯ್ಯನಿಗೇ ಕೊಡ್ತೀನಿ, ರೇವಮ್ಮ," ಎಂದರು ಸಂಹಿತಾ, ದನಿ ಏರಿಸದೆ.

"ಮೂರು ದಿನ ಕೊಡಿ ಮೇಡಂ," ಎಂದು ರೇವಮ್ಮ ಉಳಿ, ಸುತ್ತಿಗೆ ಕೇಳಿ ತೆಗೆದುಕೊಂಡರು. ತಾವೇ ಕನ್ನಡಿ ಮಾಡಿದ್ದನ್ನು ತಾವೇ ಒಡೆದರು. ಹೊಸ ಗಾರೆ ಹಾಕುವ ಮುಂಚೆ ಹಲಗೆಯ ಮೇಲೆ ಏಳು ಬಗೆಯ ಗೆರೆ ಎಳೆದು, ಒಣಗಿಸಿ, ಇಂಪನಾಳ ಪಾದದ ಕೆಳಗಿಟ್ಟರು. ತೀರಾ ಸಣ್ಣದಾದರೆ ಗೊತ್ತಾಗದು, ದಪ್ಪವಾದರೆ ಅಂಗಾಲು ನೋಯುತ್ತದೆ. ಐದನೆಯದನ್ನು ಹುಡುಗಿ ಒಪ್ಪಿದಳು. ಗುರುತು ಬೇರೆಬೇರೆಯಾದರೂ ಅದೇ ಆಳದಲ್ಲಿ ಹದಿನಾಲ್ಕು ಬಾಗಿಲಿನ ಪಟ್ಟಿಗಳು ಈಗ ಮುಗಿಯುತ್ತ ಬಂದಿವೆ. ಕಳೆದ ಸೋಮವಾರ ಆರು ಹುಡುಗಿಯರು ಯಾರ ಕೈಯನ್ನೂ ಹಿಡಿಯದೆ ಕಾರಿಡಾರಿನ ಉದ್ದಕ್ಕೂ ನಡೆದು, ತಮಗೆ ಬೇಕಾದ ಬಾಗಿಲಲ್ಲೇ ನಿಂತರು.

ಅವತ್ತು ಕಾಳಯ್ಯನೂ ಇದ್ದ. ಹುಡುಗಿಯರು ಹೋದ ಮೇಲೆ ಚಪ್ಪಲಿ ಬಿಟ್ಟು, ಕಣ್ಣು ಮುಚ್ಚಿ ತಾನೂ ನಡೆದ. ಉಳಿದಿದ್ದ ಒಂದು ಪಟ್ಟಿಯನ್ನು ತಾನು ಮಾಡಲೇ ಎಂದು ಕೇಳಿ, ಪೊರಕೆ ಹಿಡಿದು ಕೂತ. ಗೆರೆ ಎಳೆದದ್ದೇನೋ ಸರಿ, ಎಳೆದ ಮೇಲೆ ಕೈ ತಾನಾಗಿಯೇ ಕರಣೆಗೆ ಹೋಗಿ ಗೆರೆ ಅಳಿಸಿತು. ಎರಡು ಸಲ ಹೀಗೇ ಆಯಿತು. "ನನ್ ಕೈ ಕೇಳಲ್ಲ ಕಣಕ್ಕ," ಎಂದು ಪೊರಕೆ ಕೆಳಗಿಟ್ಟ.

ಇದನ್ನು ಹೇಳುವಾಗ ರೇವಮ್ಮ ಕೆಲಸ ನಿಲ್ಲಿಸಿ ಬೆನ್ನು ನೆಟ್ಟಗೆ ಮಾಡುತ್ತಾರೆ. ಹೆಸರು ಪೇಪರಿನಲ್ಲಿ ಬರುವುದು ಅಷ್ಟೇನೂ ಬೇಕಿಲ್ಲವಂತೆ, ಬಂದರೆ ಬೇಡ ಅನ್ನುವುದೂ ಇಲ್ಲವಂತೆ. ಮುಖ ಅರಳುವುದು ಬೇರೆ ಸುದ್ದಿಗೆ.

"ನೆನ್ನೆ ಅವನ್ ಹೆಂಡ್ತಿ ಫೋನ್ ಮಾಡಿದ್ಲು. ಮೂರು ದಿನದಿಂದ ಹಿತ್ಲಾಗೆ ಗಾರೆ ಕಲಸ್ಕೊಂಡು, ಮನೆ ಪೊರಕೆಗಳ್ನೆಲ್ಲ ಹಾಳ್ಮಾಡ್ಕೊಂಡು ಕುಂತವ್ನಂತೆ," ಎನ್ನುತ್ತಾರೆ. ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕು, ಮತ್ತೆ ಹಸಿ ಗಾರೆಯತ್ತ ಬಗ್ಗುತ್ತಾರೆ. "ಕಲೀಲಿ ಬುಡಿ. ನಾನಂತೂ ಹೇಳ್ಕೊಡಲ್ಲ."